ಮದುವೆ ಬಂಡಲ್: ತಗೊಳ್ಳಬಹುದಾ, ಬೇಡವಾ?

ಆ ವಾರ ಬಂದ ಬಂಡಲ್‌ನಲ್ಲಿ ಸೀರೆ ಇತ್ತು. ಬೆಳಿಗ್ಗೆ ಮುಖ ತೊಳೆಯುವ ಮೊದಲೇ ಫೋನಿನ ತುಂಬ ಒಂದೇ ಪ್ರಶ್ನೆ: "ಅಕ್ಕಾ, ತಗಬೌದಾ, ಬ್ಯಾಡವಾ?"

ಆ ಪ್ರಶ್ನೆಗೆ ಉತ್ತರ ಹೇಳುವುದೇ ನನ್ನ ಉದ್ಯೋಗ. ಫೋನಿನಲ್ಲಿ ಪುಕ್ಕಟೆ ಆಡುವ ಗುಂಡು ಹಾರಿಸುವ ಆಟಗಳಿವೆಯಲ್ಲ, ಅವು ಪುಕ್ಕಟೆ ಇರುವುದು ಹೊಸಿಲವರೆಗೆ ಮಾತ್ರ. ಒಳಗೆ ಕಾಲಿಟ್ಟರೆ ವಾರಕ್ಕೊಂದು ಬಂಡಲ್ ನೇತುಹಾಕಿರುತ್ತಾರೆ. ಒಂದು ಉಡುಪು, ಬೆನ್ನಿಗೊಂದು ಚೀಲ, ಬಂದೂಕಿಗೊಂದು ಬಣ್ಣ, ಗೆದ್ದಾಗ ಕುಣಿಯಲು ಒಂದು ಕುಣಿತ, ಜೊತೆಗೆ ಯಾರಿಗೂ ಬೇಡದ ನಾಲ್ಕು ಕೂಪನ್. ಎಲ್ಲ ಸೇರಿಸಿ ಗಂಟು ಕಟ್ಟಿ ಒಂದು ಬೆಲೆ. ಕೊಂಡವರಿಗೆ ಗುರಿ ಚುರುಕಾಗುವುದಿಲ್ಲ, ಪ್ರಾಣ ಗಟ್ಟಿಯಾಗುವುದಿಲ್ಲ. ಕಣ್ಣಿಗೆ ಚಂದ, ಅಷ್ಟೇ. ನಾನು ಅದನ್ನು ನನ್ನ ದುಡ್ಡಿನಲ್ಲಿ ಕೊಂಡು, ಆಡಿ, ಚಳ್ಳಕೆರೆಯ ಬಾಡಿಗೆ ಕೋಣೆಯೊಂದರಲ್ಲಿ ಕೂತು, ಕೊಳ್ಳುವುದೋ ಬಿಡುವುದೋ ಎಂದು ಕನ್ನಡದಲ್ಲಿ ವಿಡಿಯೊ ಮಾಡಿ ಹೇಳುತ್ತೇನೆ. ನೋಡುವವರು ನನ್ನನ್ನು ಬಂಡಲ್ ಅಕ್ಕ ಎನ್ನುತ್ತಾರೆ. ನನಗೆ ಅವ್ವ ಇಟ್ಟ ಹೆಸರೊಂದಿದೆ ಎಂಬುದು ನಮ್ಮ ಬೀದಿಯವರಿಗೂ ಮರೆತುಹೋಗಿದೆ.

ಆ ಹೊತ್ತಿಗೆ ಈ ಕೆಲಸ ನನಗೆ ಸಾಕುಸಾಕಾಗಿತ್ತು ಎಂದು ಮೊದಲೇ ಹೇಳಿಬಿಡುತ್ತೇನೆ. ಕಣ್ಣು ಉರಿಯುತ್ತಿತ್ತು, ಗಂಟಲು ಕೆಟ್ಟಿತ್ತು. ಪ್ರತಿ ವಾರ "ಇದೇ ಕೊನೆ ಅವಕಾಶ" ಎನ್ನುವವರನ್ನು ಪ್ರತಿ ವಾರ ಸುಳ್ಳರೆಂದು ಸಾಬೀತು ಮಾಡುವುದು, ಮುಂದಿನ ವಾರ ಮತ್ತೆ ಮೊದಲಿನಿಂದ. ಅರೆಯುವುದು ಮುಗಿಯುವ ಮೊದಲೇ ಯಾರೋ ಒರಳಿಗೆ ಇನ್ನೊಂದು ಹಿಡಿ ಹಾಕಿ ಹೋದ ಹಾಗೆ.

ನನ್ನ ಪರೀಕ್ಷೆ ದೊಡ್ಡ ವಿದ್ಯೆಯೇನಲ್ಲ. ಮೊದಲು ಗಂಟು ಬಿಚ್ಚುತ್ತೇನೆ. ಒಂದೊಂದು ವಸ್ತುವನ್ನೂ ಬೇರೆ ಇಟ್ಟು, ಇದೊಂದನ್ನೇ ಮಾರಿದ್ದರೆ ಕೊಳ್ಳುತ್ತಿದ್ದೆನಾ ಎಂದು ಕೇಳಿಕೊಳ್ಳುತ್ತೇನೆ. ಇಲ್ಲ ಎಂದಾದರೆ ಅದರ ಬೆಲೆ ಸೊನ್ನೆ, ಕಂಪನಿ ಏನೇ ಬರೆದಿರಲಿ. ಆಮೇಲೆ ತೊಟ್ಟು ಆಡುತ್ತೇನೆ. ಹೊಸತರ ಹುರುಪು ಇಳಿದ ಮೇಲೂ ಕೈ ಅದೇ ಉಡುಪಿಗೆ ಹೋಗುತ್ತದೆಯಾ, ಹಳೆಯದಕ್ಕೇ ವಾಲುತ್ತದೆಯಾ ಎಂದು ನೋಡುತ್ತೇನೆ. ಕಡೆಗೆ ಹಳೆಯ ಬಂಡಲ್‌ಗಳ ಜೊತೆ ಹೋಲಿಸುತ್ತೇನೆ. ಮತ್ತೆ ಸಿಗದು ಎಂದದ್ದು ಬಣ್ಣ ಬದಲಿಸಿಕೊಂಡು ಹಬ್ಬದ ಹೊತ್ತಿಗೆ ಅಗ್ಗವಾಗಿ ಬಂದೇ ಬರುತ್ತದೆ. ಇನ್ನೊಬ್ಬರಿಗೆ ಉಡುಗೊರೆಯಾಗಿ ಕಳಿಸುವ ಗುಂಡಿಯೂ ಇರುತ್ತದೆ. ಅದನ್ನೂ ಒಮ್ಮೆ ಒತ್ತಿ, ಬೆಲೆ ಏರಿಸಿದ್ದಾರಾ ಎಂದು ನೋಡುತ್ತೇನೆ.

ಆ ವಾರದ್ದು ಮದುವೆ ಬಂಡಲ್. ಹುಡುಗಿಗೆ ರೇಷ್ಮೆ ಸೀರೆ, ಹುಡುಗನಿಗೆ ಪಂಚೆ, ಇಬ್ಬರೂ ಹಾರ ಬದಲಾಯಿಸುವ ಒಂದು ಕುಣಿತ. ಸೀರೆಯ ಅಂಚು ನೋಡಿದರೆ ಮೊಳಕಾಲ್ಮುರಿನದೇ ಅನಿಸುವ ಹಾಗಿತ್ತು. ನಮ್ಮ ದಂಡಿನಲ್ಲಿ, ಅಂದರೆ ಆಟದಲ್ಲಿ ಒಟ್ಟಿಗೆ ಆಡುವ ನಮ್ಮ ಗುಂಪಿನಲ್ಲಿ, ಮೊಳಕಾಲ್ಮುರು ಸುತ್ತಿನವರೇ ಹೆಚ್ಚು. ಅವರ ಸಡಗರ ಹೇಳತೀರದು. ಆಟದ ಉಡುಪು ಪರೀಕ್ಷಿಸಲು ನನಗೆ ಅಲ್ಲೊಬ್ಬ ಜೊತೆಗಾರನಿದ್ದ, ನೇಕಾರ. ಸೀರೆ ಬಲ್ಲವನ ಕಣ್ಣಿಗೂ ಬೀಳಲಿ ಎಂದು ನಾನೇ ಬಸ್ಸು ಹತ್ತಿ ಹೋದೆ.

ನೇಕಾರನೂ ಅವನ ತಂಗಿಯೂ ಒಂದೇ ಮಗ್ಗಕ್ಕೆ ಕೂರುತ್ತಾರೆ. ಅಂಚಿನ ಬಣ್ಣ ಬೇರೆ, ಒಡಲಿನ ಬಣ್ಣ ಬೇರೆ ಇರುವ ಸೀರೆಗೆ ಇಬ್ಬರು ಬೇಕು. ಒಬ್ಬರು ನೇಯುತ್ತಿದ್ದರೆ ಇನ್ನೊಬ್ಬರು ಆಚೆ ಕಡೆಯ ಲಾಳಿ ದಾಟಿಸುತ್ತಾರೆ. ಆ ತಂಗಿ ನಮ್ಮ ದಂಡಿನಲ್ಲೇ ಎಲ್ಲರಿಗಿಂತ ಚೆನ್ನಾಗಿ ಆಡುವವಳು. ಅವಳ ಮದುವೆ ಗೊತ್ತಾಗಿತ್ತು, ರಾಯದುರ್ಗದ ಕಡೆಯ ಮನೆಗೆ. ಮನೆಯಲ್ಲಿ ತೆಲುಗು ಮಾತು. ಅವರ ತಾಯಿ ಮೂಲೆಯಲ್ಲಿ ರಾಟೆ ತಿರುಗಿಸುತ್ತ ನೂಲು ಸುತ್ತುತ್ತಿದ್ದರು.

ನೇಕಾರ ಫೋನನ್ನು ಬೆಳಕಿಗೆ ಹಿಡಿದ. "ಅಂಚು ನೋಡ್ರಿ ಅಕ್ಕ. ಸೆರಗಿಗೆ ಬರೋ ಹೊತ್ಗೆ ಕಡ್ದೋಗೈತೆ. ಯಾವನ್ ನೇಯ್ದನೋ ಇದ್ನ."

"ಹೋಗ್ಲಿ ಬಿಡಣ್ಣ," ಎಂದಳು ತಂಗಿ. "ಗೋಡೆ ಹಾರಿ ಗುಂಡು ಹೊಡಿಯೋಳಿಗೆ ಸೆರಗ್ಯಾಕೆ?"

ಉಡುಗೊರೆ ಗುಂಡಿ ಪರೀಕ್ಷಿಸುವುದೊಂದು ಉಳಿದಿತ್ತು. ಎದುರಿಗೇ ಇದ್ದಳಲ್ಲ ಎಂದು ಅವಳ ಖಾತೆಗೇ ಒಂದು ಬಂಡಲ್ ಕಳಿಸಿದೆ. ತಕ್ಷಣ ದಂಡಿನ ಎಲ್ಲರ ಪರದೆಯ ಮೇಲೂ ಚಿನ್ನದ ಅಕ್ಷರದಲ್ಲಿ ಸಾಲೊಂದು ಹರಿಯಿತು: ಬಂಡಲ್ ಅಕ್ಕನಿಂದ ಮದುವೆ ಬಂಡಲ್ ಉಡುಗೊರೆ. ಡೋಲು ಬಾರಿಸಿದ ಸದ್ದು ಬೇರೆ. ತಾಯಿ ರಾಟೆ ನಿಲ್ಲಿಸಿ ಅದೇನೆಂದು ಕೇಳಿದರು. ಮಗ ತೆಲುಗಿನಲ್ಲಿ ಬಿಡಿಸಿ ಹೇಳಿದ. ಅವರು ನನ್ನ ಕಡೆ ನೋಡಿ ಮೆಚ್ಚುಗೆಯಿಂದ ತಲೆಯಾಡಿಸಿದರು.

"ಮೊದ್ಲ ಚದಿವಿಂಪು ನಿಂದೇ ಆತಲ್ಲಮ್ಮಾ."

ಚದಿವಿಂಪು ಅಂದರೆ ಅವರ ಮದುವೆಗಳಲ್ಲಿ ಮುಯ್ಯಿ ಓದಿಸುವುದು. ಯಾರು ಏನು ಕೊಟ್ಟರು ಎಂದು ಚಪ್ಪರದಲ್ಲಿ ಎಲ್ಲರಿಗೂ ಕೇಳುವಂತೆ ಹೆಸರು ಹಿಡಿದು ಕೂಗುತ್ತಾರೆ. ನಮ್ಮಲ್ಲೂ ಇದೆ. ಕೊಟ್ಟವರ ಮನೆಯ ಕಾರ್ಯಕ್ಕೆ ಅದನ್ನು ತಿರುಗಿಸಲೇಬೇಕು. ಮುದುಕಿ ತಮಾಷೆ ಮಾಡುತ್ತಿದ್ದಾರೆ ಎಂದುಕೊಂಡು ನಾನೂ ನಕ್ಕೆ. ಚಹಾ ಕುಡಿದು ಬಸ್ಸು ಹಿಡಿದೆ.

ಚಳ್ಳಕೆರೆಗೆ ಬಂದು ವಿಡಿಯೊ ಮಾಡಿದೆ. ಊರಾಚೆ ವಿಮಾನ ಪರೀಕ್ಷಿಸುವ ವರವು ಕಾವಲ್ ಕಡೆಯಿಂದ ಏನೋ ಹಾರುವ ಸದ್ದು ನಡುನಡುವೆ ಬಂದು, ಹೇಳಿದ್ದನ್ನೇ ಮತ್ತೆ ಮತ್ತೆ ಹೇಳಬೇಕಾಯಿತು. ಪಂಚೆ ಬೇಡ, ಚೀಲ ಬೇಡ, ಕೂಪನ್ ಯಾರಿಗೂ ಬೇಡ. ಕುಣಿಯುವಷ್ಟರಲ್ಲಿ ಎದುರಾಳಿ ಗುಂಡು ಹೊಡೆದಿರುತ್ತಾನೆ. ಸೀರೆ ಚಂದ ನಿಜ, ಓಡುವಾಗ ಕಾಲಿನೊಳಗೆ ಸಿಕ್ಕಿಕೊಂಡಂತೆ ಕಾಣುತ್ತದೆ. "ಹೊಟ್ಟೆಗೆ ಹಿಟ್ಟಿಲ್ಲದಿದ್ರೂ ಜುಟ್ಟಿಗೆ ಮಲ್ಲಿಗೆ ಹೂ ಅಂದಂಗಾಗ್ತದೆ. ಬ್ಯಾಡ" ಎಂದು ಮುಗಿಸಿದೆ. ಎಲ್ಲರೂ "ಸರಿಯಾಗಿ ಹೇಳಿದ್ರಿ ಅಕ್ಕ" ಎಂದು ಬರೆದರು.

ಬರೆದವರೇ ಸಂಜೆ ಹೋಗಿ ಕೊಂಡರು.

ಪರದೆಯ ಮೇಲೆ ಚಿನ್ನದ ಸಾಲು ಹರಿಯುತ್ತಲೇ ಇತ್ತು. ರಾಂಪುರದವನಿಂದ ಮದುವೆ ಬಂಡಲ್ ಉಡುಗೊರೆ. ದೇವಸಮುದ್ರದವಳಿಂದ ಮದುವೆ ಬಂಡಲ್ ಉಡುಗೊರೆ. ಎಲ್ಲವೂ ಒಬ್ಬಳಿಗೇ, ನೇಕಾರನ ತಂಗಿಗೇ. ಡೋಲಿನ ಸದ್ದು ಕೇಳಿ ಕೇಳಿ ನನ್ನ ತಲೆ ಚಿಟ್ಟು ಹಿಡಿಯಿತು. ಒಬ್ಬನನ್ನು ಹಿಡಿದು ಕೇಳಿದೆ, ಬೇಡ ಅಂದದ್ದು ಕೇಳಿಸಲಿಲ್ಲವಾ ಎಂದು.

"ಅದು ನಮಗೆ ಬ್ಯಾಡ ಅಂದಿದ್ರಿ ಅಕ್ಕ. ಇದು ಮುಯ್ಯಿ. ನೀವೇ ಮೊದ್ಲು ಓದಿಸಿದ್ರಲ್ಲ."

ನಾನು ಒತ್ತಿದ್ದು ಪರೀಕ್ಷೆಗೆ, ಅವರು ಕಂಡದ್ದು ಮುಯ್ಯಿ. ಊರಿನಲ್ಲಿ ಒಬ್ಬರು ಓದಿಸಿದ ಮೇಲೆ ಉಳಿದವರು ಕೈಕಟ್ಟಿ ಕೂರುವ ಪದ್ಧತಿ ನಮ್ಮಲ್ಲಿಲ್ಲ.

ಆಟದ ನಿಯಮ ಇನ್ನೂ ಕೆಟ್ಟದ್ದು. ಒಂದು ಖಾತೆಯಲ್ಲಿ ಒಂದೇ ಸೀರೆ ಇರಲು ಸಾಧ್ಯ. ಎರಡನೆಯದು ಬಂದರೆ ಅದು ಒಡೆದು ಚೂರಾಗುತ್ತದೆ. ಚೂರುಗಳನ್ನು ಕೂಡಿಸಿದರೆ ಪಾತ್ರೆಯ ಮುಚ್ಚಳದಂಥ ಒಂದು ಪ್ಯಾರಾಚೂಟ್ ಸಿಗುತ್ತದೆ. ಅಂದರೆ ಅವಳಿಗೆ ಸಿಕ್ಕದ್ದು ಒಂದು ಸೀರೆ, ಒಂದು ಮುಚ್ಚಳ. ತಿರುಗಿಸಬೇಕಾದದ್ದು ಮಾತ್ರ ಇಡೀ ದಂಡಿಗೆ.

ನೇಕಾರ ಫೋನ್ ಮಾಡಿದ. "ತಂಗಿ ಆಟ ಬಿಟ್ಲು ಅಕ್ಕ. ಫೋನ್ ತಗಂಡೋಗಿ ಪೆಟ್ಟಿಗ್ಯಾಗಿಟ್ಟವ್ಳೆ. ಲಾಳಿ ಕೊಡು ಅಂದ್ರೆ ಸುಮ್ನೆ ಕೂತಿರ್ತಾಳೆ. ನೇಯ್ಗೇನೂ ನಿಂತೈತೆ."

ಕಂಪನಿಗೆ ಬರೆದೆ. ಉಡುಗೊರೆ ಹಿಂದಿರುಗಿಸಲು ಬರುವುದಿಲ್ಲ ಎಂದು ಯಂತ್ರ ಬರೆದ ಉತ್ತರ ಬಂತು, ಕೊನೆಯಲ್ಲಿ ಮುಂದಿನ ಬಂಡಲ್‌ನ ಜಾಹೀರಾತು. ಇನ್ನೊಂದು ವಿಡಿಯೊ ಮಾಡಿ, ದಯವಿಟ್ಟು ನಿಲ್ಲಿಸಿ, ಆ ಹುಡುಗಿಗೆ ಹೊರೆಯಾಗುತ್ತಿದೆ ಎಂದೆ. ಅದರ ಕೆಳಗೆ ಬಂದ ಮಾತುಗಳನ್ನು ಓದಿ ಅಳುವುದೊಂದು ಬಾಕಿ. ತಾನು ಓದಿಸಿ ಹೆಸರು ಮಾಡಿಕೊಂಡು ಈಗ ನಮಗೆ ಬುದ್ಧಿ ಹೇಳುತ್ತಾಳೆ ಎಂದವರೂ ಇದ್ದರು. ಅವತ್ತು ಚಾನೆಲ್ಲೇ ಮುಚ್ಚಿಬಿಡೋಣ ಅನಿಸಿತು. ಮುಚ್ಚಿದರೆ ಬಾಡಿಗೆ ಯಾರು ಕಟ್ಟುತ್ತಾರೆ ಎಂದು ಸುಮ್ಮನಾದೆ.

ಉಡುಗೊರೆ ಬರದಂತೆ ಖಾತೆ ಮುಚ್ಚಿಡುವ ಒಂದು ಸೌಲಭ್ಯವಿತ್ತು. ಅದನ್ನು ತೋರಿಸಲು ಮತ್ತೆ ಮೊಳಕಾಲ್ಮುರಿಗೆ ಹೋದೆ. ತಾಯಿ ಒಪ್ಪಲಿಲ್ಲ.

"ಮುಯ್ಯಿ ತಂದೋರ ಮುಂದೆ ಬಾಗ್ಲಾಕ್ತಾರೇನಮ್ಮಾ? ನಮ್ ಮನೆತನದಾಗೆ ಅದಿಲ್ಲ."

"ಅವ್ವಾ, ಅದು ಬರೀ ಬಣ್ಣ ಕಣವ್ವ. ಮುಟ್ಟೋಕೂ ಸಿಗಲ್ಲ."

"ಕೊಟ್ಟೋರು ದುಡ್ಡು ಕೊಟ್ಟವ್ರೋ ಇಲ್ಲೋ?"

ಮದುಮಗಳು ಮಗ್ಗದ ಕಟ್ಟೆಯ ಮೇಲೆ ಕೂತಿದ್ದಳು. ಕಣ್ಣು ಕೆಂಪಗಿದ್ದವು. ನನ್ನ ಮೇಲೆ ಸಿಟ್ಟಿದೆಯಾ ಎಂದು ಕೇಳಿದೆ.

"ಸಿಟ್ಯಾಕಕ್ಕ. ಭಯ ಆಗೈತೆ," ಎಂದಳು. "ಗಂಡನ ಮನೆಗೆ ಹೋಗಿ, ಯಾರ್ದೋ ಮದ್ವಿ ಐತೆ, ಆಟದಾಗೆ ಸೀರೆ ಕಳಿಸ್ಬೇಕು, ದುಡ್ಡು ಕೊಡ್ರಿ ಅಂತ ಎಂಗೆ ಕೇಳ್ಲಿ? ಒಂದ್ಸಲ ಅಲ್ಲ, ಎಲ್ಲಾರ್ದೂ. ತಿರುಗಿಸ್ದೆ ಇದ್ರೆ ಅಣ್ಣನ್ ಮಾನ ಹೋಗ್ತೈತೆ. ತಿರುಗಿಸಾಕೋದ್ರೆ ಅತ್ತೆ ಮನೇಲಿ ನನ್ ಮಾನ ಹೋಗ್ತೈತೆ. ಅವ್ರು ನಂಗೆ ಪ್ರೀತೀಲಿ ಕೊಟ್ಟವ್ರೆ, ಬೈಯಾಕೂ ಆಗಲ್ಲ."

ಹೊಸ ಬಾಳಿಗೆ ಹೊರಟ ಹುಡುಗಿ, ಹಗಲೆಲ್ಲ ದುಡಿದು ಸಂಜೆ ಒಂದಿಷ್ಟು ಹೊತ್ತು ಆಡುವವಳು, ಆ ಒಂದು ಸಂತೋಷವೇ ಅವಳ ಕುತ್ತಿಗೆಗೆ ಬಂದಿತ್ತು. ಏನಾದರೂ ಮಾಡದೆ ಎದ್ದು ಹೋಗಲು ನನ್ನಿಂದಾಗಲಿಲ್ಲ.

ಸುಮ್ಮನೆ ಕೂರಲಾರದೆ ತಾಯಿಯನ್ನು ಮಾತಿಗೆಳೆದೆ. ನಿಮ್ಮ ಮದುವೆಯಲ್ಲಿ ಏನೇನು ಓದಿಸಿದ್ದರು ಎಂದು ಕೇಳಿದೆ. ಅವರ ಮುಖ ಅರಳಿತು. ಬಟ್ಟಲು ಓದಿಸಿದವರು, ಕುರಿ ಓದಿಸಿದವರು, ಎಲ್ಲರೂ ನೆನಪಿದ್ದರು.

"ಒಬ್ಬಾತ ಒಂದ್ ಗಾಡಿ ಸೌದೆ ಓದಿಸ್ದ. ಬ್ಯಾರೆ ಏನೂ ಇರ್ಲಿಲ್ಲ ಪಾಪ. ಎಂಥಾ ಜೋರಾಗ್ ಓದಿದ್ರು ಅವನ್ ಹೆಸ್ರು. ಅವನ್ ಮಗಳ ಮದ್ವಿಗೆ ನಮ್ಮಪ್ಪನೂ ಸೌದೇನೇ ಹೊಡ್ಸಿದ."

"ಚಪ್ಪರದಾಗೆ ಓದಿದ್ದು ದೊಡ್ಡದಾ ಅವ್ವಾ, ಫೋನು ಓದಿದ್ದು ದೊಡ್ಡದಾ?"

"ಚಪ್ಪರದ್ದೇ. ಜನ ಕಿವಿ ಕೊಟ್ಟು ಕೂತಿರ್ತಾರಲ್ಲ. ಚಪ್ಪರದಾಗೆ ಏನ್ ಓದಿದ್ರೋ ಅದೇ ಮುಯ್ಯಿ."

ಬಸ್ಸಿನಲ್ಲಿ ತಳಕು ದಾಟುವವರೆಗೂ ಅದೇ ಮಾತು ತಲೆಯಲ್ಲಿ ಸುತ್ತುತ್ತಿತ್ತು. ಗಂಟು ಬಿಚ್ಚಿ ಒಂದೊಂದಕ್ಕೂ ಬೆಲೆ ಕಟ್ಟುತ್ತೇನೆ ಎಂದು ಬೀಗುವ ನಾನು, ಆ ಬಂಡಲ್‌ನಲ್ಲಿ ಮಾರಾಟಕ್ಕಿದ್ದ ಮುಖ್ಯ ವಸ್ತುವನ್ನೇ ಬಿಟ್ಟಿದ್ದೆ. ಚಿನ್ನದ ಅಕ್ಷರದ ಆ ಸಾಲು. ನಮ್ಮ ಜನ ಕೊಂಡದ್ದು ಸೀರೆಯನ್ನಲ್ಲ. ಕಂಡೇ ಇರದ ಗೆಳತಿಯ ಮದುವೆಯಲ್ಲಿ ತಮ್ಮ ಹೆಸರು ಓದಿಸಿಕೊಳ್ಳುವುದಕ್ಕೆ ಅವರು ದುಡ್ಡು ಕೊಟ್ಟಿದ್ದರು. ಹಾಗಿದ್ದರೆ ಆ ಹೆಸರನ್ನು ನಾನೇ ಓದುತ್ತೇನೆ, ಪುಕ್ಕಟೆ, ಚಪ್ಪರದಲ್ಲೇ ನಿಂತು. ಇಳಿಯುವ ಹೊತ್ತಿಗೆ ತೀರ್ಮಾನ ಮಾಡಿದ್ದೆ.

ಮೂರನೆಯ ವಿಡಿಯೊ ಚಿಕ್ಕದು. ಮದುವೆ ದಿನ ನಾನು ಮೊಳಕಾಲ್ಮುರಿನ ಚಪ್ಪರದಲ್ಲಿ ಮೈಕು ಹಿಡಿದು ದಂಡಿನವರೆಲ್ಲರ ಹೆಸರು ಓದುತ್ತೇನೆ, ನೇರಪ್ರಸಾರದಲ್ಲಿ ನೀವೂ ಕೇಳಬಹುದು. ಕೊಡಬೇಕಾದದ್ದು ಒಂದೇ, ಮದುಮಗಳ ಜೊತೆ ಒಂದು ಆಟ. ಈಗಾಗಲೇ ಬಂಡಲ್ ಕೊಟ್ಟವರದನ್ನೂ ಒಂದು ಆಟ ಎಂದೇ ಓದುತ್ತೇನೆ. ಅವಳು ತಿರುಗಿಸುವುದೂ ಒಂದು ಆಟವನ್ನೇ. ಇಷ್ಟು ಹೇಳಿ ನಿಲ್ಲಿಸಿದೆ.

ಹೇಳಿದಷ್ಟು ಸುಲಭವಾಗಲಿಲ್ಲ. ಬಂಡಲ್ ಕೊಟ್ಟಿದ್ದ ಒಬ್ಬೊಬ್ಬರಿಗೂ ಫೋನ್ ಮಾಡಿ ಒಪ್ಪಿಸಬೇಕಾಯಿತು. ಇದ್ದ ಅಷ್ಟೂ ಗಂಟಲು ಅಲ್ಲೇ ಸವೆಯಿತು. ಹೆಚ್ಚಿನವರು "ಚಪ್ಪರದಾಗೆ ಓದ್ತೀರಂದ್ರೆ ಸಾಕು ಬಿಡ್ರಿ" ಎಂದರು. ಒಬ್ಬ ಮಾತ್ರ ಜಗ್ಗಲಿಲ್ಲ. ಸಿದ್ದಾಪುರದ ಕುರಿಗಾಹಿ. ಗುಡ್ಡದ ಬಂಡೆ ಮೇಲೆ ಕೂತು ಆಡುವವನು, ಅಲ್ಲಷ್ಟೇ ಸಿಗ್ನಲ್ ಸಿಗುವುದಂತೆ.

"ಮರಿ ಮಾರಿ ಕೊಟ್ಟೀನಿ ಅಕ್ಕ. ಬಂಡಲ್ ಅಂತ್ಲೇ ಓದ್ಬೇಕು. ಒಂದಾಟ ಅಂದ್ರೆ ನಾನ್ ಒಪ್ಪಲ್ಲ."

ಅವನ ಮೇಲೆ ರೇಗಿತು. ಆಮೇಲೆ ಯೋಚಿಸಿದೆ, ಆಟದ ಲೆಕ್ಕದಲ್ಲಿ ಅವಳ ಬಳಿ ನಿಜವಾಗಿ ಇರುವುದು ಒಂದೇ ಸೀರೆ, ಅದು ನಾನು ಕಳಿಸಿದ್ದು. ಅದನ್ನೇ ಅವನ ಹೆಸರಿಗೆ ಓದಿದರಾಯಿತು. ಒಂದು ಬಂಡಲ್ ತಿರುಗಿಸುವುದು ಅವಳಿಗೆ ಭಾರವಲ್ಲ. "ಆಯ್ತು ಕಣಪ್ಪ, ಸೀರೆ ನಿಂದೇ" ಎಂದೆ. ನನ್ನ ಹೆಸರನ್ನು ಬಿಟ್ಟುಬಿಟ್ಟೆ. ಓದುವವಳಿಗೆ ಯಾಕೆ ಹೆಸರು ಎಂದುಕೊಂಡೆ.

ಮದುವೆಯ ದಿನ ಮದುಮಗಳ ಸೋದರಮಾವ ನೆಂಟರ ಮುಯ್ಯಿ ಓದಿ ಮುಗಿಸಿ ಮೈಕು ನನಗೆ ಕೊಟ್ಟರು. ದಂಡಿನವರು ಫೋನಿನಲ್ಲೂ ಆಟದ ಹೆಸರನ್ನೇ ಹೇಳಿಕೊಂಡಿದ್ದರು, ನನಗೆ ಗೊತ್ತಿದ್ದದ್ದು ಅಷ್ಟೇ. ಬೇರೆ ದಾರಿಯಿಲ್ಲದೆ ಹಾಗೇ ಓದಿದೆ.

"ರಾಂಪುರದ ಸೈಲೆಂಟ್ ಸಾವು, ಒಂದು ಆಟ. ದೇವಸಮುದ್ರದ ಬೆಂಕಿಚೆಂಡು, ಒಂದು ಆಟ. ಚಳ್ಳಕೆರೆಯ ಮುದ್ದೆ ಮಾಸ್ಟರ್, ಒಂದು ಆಟ."

ಊಟಕ್ಕೆ ಕೂತವರು ಕೈ ನಿಲ್ಲಿಸಿ ನೋಡಿದರು. ಸೈಲೆಂಟ್ ಸಾವು ಎಂದಾಗ ಗಂಡಿನ ಕಡೆಯ ಅಜ್ಜಿಯೊಬ್ಬರು ಗಲ್ಲ ಬಡಿದುಕೊಂಡರು. ಆಮೇಲೆ ನಗು ಶುರುವಾಗಿ ಒಂದೊಂದು ಹೆಸರಿಗೂ ಚಪ್ಪರವೇ ನಕ್ಕಿತು. ಮದುಮಗಳೂ ಬಾಸಿಂಗ ಅಲುಗುವ ಹಾಗೆ ನಗುತ್ತಿದ್ದಳು. ಸಿದ್ದಾಪುರದವನ ಹೆಸರಿಗೆ ಗಂಟಲು ಬಿಚ್ಚಿ "ಒಂದು ಮದುವೆ ಬಂಡಲ್" ಎಂದೆ. ಕೊನೆಯ ಹೆಸರುಗಳ ಹೊತ್ತಿಗೆ ನನ್ನ ದನಿ ಒಡೆದು, ಗಾಳಿ ಮಾತ್ರ ಹೊರಡುತ್ತಿತ್ತು. ಮುಗಿಸಿ ಮೈಕು ಕೆಳಗಿಟ್ಟೆ.

ತಾಯಿ ಎದ್ದು ಬಂದರು. "ನಿನ್ ಹೆಸ್ರು?"

ಕೈಯಾಡಿಸಿ ಬೇಡ ಎಂದೆ. ಮಾತು ಹೊರಡಲಿಲ್ಲ. ಅವರು ಮೈಕು ಎತ್ತಿಕೊಂಡು, ಎಲ್ಲಿ ಬಾಯಿಡಬೇಕೆಂದು ಮಗನನ್ನು ಕೇಳಿ, ಕನ್ನಡದಲ್ಲೇ ಓದಿದರು.

"ಚಳ್ಳಕೆರೆ ಅಕ್ಕ. ಒಂದು ಗಂಟಲು."

ಯಾರೂ ನಗಲಿಲ್ಲ. ನಾನು ಸೆರಗಿನಲ್ಲಿ ಮುಖ ಒರೆಸಿಕೊಂಡು ಊಟಕ್ಕೆ ಕೂತೆ.

ಮರುವಾರ ಹೊಸ ಬಂಡಲ್ ಬಂತು, ಬರದೆ ಇರುತ್ತದೆಯೇ. ಡಾಕ್ಟರು ಪಿಸುಗುಟ್ಟಲೂ ಬೇಡ ಎಂದಿದ್ದರು. ಕೊಂಡು, ತೊಟ್ಟು, ಆಡಿದೆ. ಹೇಳಲು ದನಿಯಿರಲಿಲ್ಲ. ಈ ವಾರ ವಿಡಿಯೊ ಇಲ್ಲ ಎಂದು ದಂಡಿಗೆ ಬರೆದು, ಫೋನು ಮಗುಚಿಟ್ಟು ಮಲಗಿದೆ. ಎದ್ದು ನೋಡಿದರೆ ರಾಯದುರ್ಗದಿಂದ ಮದುಮಗಳ ಒಂದು ಧ್ವನಿಮುದ್ರಿಕೆ ದಂಡಿಗೆಲ್ಲ ಬಂದಿತ್ತು. ಹಿಂದೆ ಕುಕ್ಕರ್ ಕೂಗುತ್ತಿತ್ತು, ಯಾರೋ ತೆಲುಗಿನಲ್ಲಿ ಅದೇನು ಆಟವಮ್ಮಾ ಎಂದು ಕೇಳುತ್ತಿದ್ದರು. ಅವಳು ನಾನು ಮಾಡುವ ಹಾಗೆಯೇ ಗಂಟು ಬಿಚ್ಚಿ, ಉಡುಪು, ಚೀಲ, ಬಣ್ಣ, ಕುಣಿತ, ಒಂದೊಂದನ್ನೂ ಬೇರೆ ಇಟ್ಟು ತೂಗಿ, ಯಾರ ಹೆಸರನ್ನು ಓದಿಸಲು ಕೊಳ್ಳುತ್ತಿದ್ದೀರಿ ಎಂದು ಕೇಳಿ, ಕೊನೆಗೆ "ಬ್ಯಾಡ" ಎಂದಿದ್ದಳು.

ಅದರ ಕೆಳಗೆ ಒಂದು ಸಾಲು ಬರೆದಿದ್ದಳು. "ನಿಮ್ ಮುಯ್ಯಿ ತಿರುಗಿಸೀನಿ ಅಕ್ಕ. ಗಂಟ್ಲಿಗೆ ಗಂಟ್ಲು."